ಬೇಟೆಯ ಅಟ್ಟಣೆ: ತೋಹಿನಿಂದ ಗೋಪುರದವರೆಗೆ

ಪ್ರಾಚೀನ ಕನ್ನಡ ಕಾವ್ಯಗಳಲ್ಲಿ ಬರುವ ಬೇಟೆಯ ಪ್ರಸಂಗಗಳನ್ನು ನಾವು ಬಹುಕಾಲ ವರ್ಣನೆಯ ಒಂದು ರೂಢಿಯೆಂದೇ ಓದಿಕೊಂಡು ಬಂದಿದ್ದೇವೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಖಾಂಡವದಹನಕ್ಕೆ ಮುನ್ನ ಬರುವ ಬೇಟೆಯಾಗಲಿ, ರಾಘವಾಂಕನ ಹರಿಶ್ಚಂದ್ರ ಕಾವ್ಯದ ಬೇಟೆಯಾಗಲಿ ಕವಿಯ ಪ್ರೌಢಿಮೆಗೆ ನಿದರ್ಶನಗಳಾಗಿ ಪಾಠಪಟ್ಟಿಯಲ್ಲಿ ಸ್ಥಾನ ಪಡೆದಿವೆಯೇ ಹೊರತು, ಬೇಟೆಯೆಂಬ ವೃತ್ತಿಯ ದಾಖಲೆಗಳಾಗಿ ಅಲ್ಲ. ಇದರ ಪರಿಣಾಮವಾಗಿ ಆ ವೃತ್ತಿಯ ಪರಿಭಾಷೆಯ ಬಗೆಗೂ ನಮ್ಮ ಓದು ಸಡಿಲವಾಯಿತು. 'ತೋಹು' ಎಂಬ ಹಳಗನ್ನಡ ಶಬ್ದಕ್ಕೆ 'ತೋಪು, ಪೊದೆ' ಎಂಬ ಅರ್ಥವನ್ನಷ್ಟೇ ಹೇಳಿ ನಾವೂ ಅನೇಕ ವರ್ಷ ತರಗತಿಗಳಲ್ಲಿ ಮುಂದೆ ಸಾಗಿದ್ದುಂಟು. ವಾಸ್ತವವಾಗಿ ಅದು ಮೃಗದ ಬರವನ್ನು ಕಾಯುತ್ತ ಬೇಟೆಗಾರನು ಅಡಗಿ ಕುಳಿತುಕೊಳ್ಳುವ ತಾಣ. ಪೊದೆ ಅಲ್ಲಿ ಸಾಧನ ಮಾತ್ರ, ಹೊಂಚುವಿಕೆಯೇ ಅರ್ಥ.

ತೋಹು ನೆಲದ ಮೇಲಿನದು. ಅದಕ್ಕಿಂತ ಭಿನ್ನವಾದ ಎರಡು ಏರ್ಪಾಡುಗಳಿವೆ: ಮರದ ಕೊಂಬೆಗಳ ನಡುವೆ ಕಟ್ಟುವ ಅಟ್ಟಣೆ, ಹಾಗೂ ಯಾವ ಮರವನ್ನೂ ಆಶ್ರಯಿಸದೆ ತನ್ನ ಕಾಲಿನ ಮೇಲೆ ತಾನೇ ನಿಲ್ಲುವ ಎತ್ತರದ ಕಟ್ಟೋಣ. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವುದು ಮೇಲುನೋಟಕ್ಕೆ ಬೇಟೆಗಾರನ ಅನುಕೂಲದ ಪ್ರಶ್ನೆ. ಆದರೆ ಮೂರನೆಯದನ್ನು ಆರಿಸಿಕೊಳ್ಳುವಾತನು ಬೇಟೆಗಾರಿಕೆಗಿಂತ ಹೆಚ್ಚಾಗಿ ನೆಲದ ಒಡೆತನವನ್ನು ಪ್ರಕಟಿಸುತ್ತಾನೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

1. ಆಯ್ಕೆಯ ತರ್ಕ

ಜಿಂಕೆಯ ಜಾತಿಯ ಪ್ರಾಣಿಗಳು ಮುಖ್ಯವಾಗಿ ಮೂಗು, ಕಿವಿಗಳಿಂದ ಅಪಾಯವನ್ನು ಅರಿಯುತ್ತವೆ. ಚುಕ್ಕೆ ಜಿಂಕೆ, ಕಡವೆಗಳು ವಾಸವಾಗಿರುವ ದಟ್ಟ ಕಾಡಿನಲ್ಲಿ ದೃಷ್ಟಿಗಿಂತ ಇವೇ ಪ್ರಬಲ. ತೋಹಿನಲ್ಲಿ ಕುಳಿತವನ ಮೈವಾಸನೆ ಗಾಳಿಯೊಡನೆ ಮೃಗದ ಮೂಗಿನ ಮಟ್ಟದಲ್ಲೇ ಹರಿಯುತ್ತದೆ. ಗಾಳಿ ತಿರುಗಿದೊಡನೆ ಅಂದಿನ ಬೇಟೆ ಮುಗಿದಂತೆಯೇ. ನೆಲದಿಂದ ಮೇಲೇರಿದವನಿಗೆ ಈ ತೊಂದರೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ, ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಮೃಗಗಳು ಸಾಮಾನ್ಯವಾಗಿ ತಲೆಯೆತ್ತಿ ಮೇಲೆ ನೋಡುವುದು ಕಡಿಮೆ ಎಂಬುದೂ, ಪೊದೆಗಳ ಮೇಲಿನಿಂದ ದೂರದವರೆಗೆ ನೋಟ ಹರಿಯುತ್ತದೆ ಎಂಬುದೂ ಎತ್ತರದ ಲಾಭಗಳು. ಆದರೆ ಎತ್ತರ ಮಿತಿಮೀರಿದರೆ ಬಾಣವಾಗಲಿ ಗುಂಡಾಗಲಿ ಕಡಿದಾದ ಕೋನದಲ್ಲಿ ಇಳಿಯುತ್ತದೆ. ಗುರಿಯಿಡಬೇಕಾದ ಮರ್ಮಸ್ಥಾನ ಕಿರಿದಾಗುತ್ತದೆ. ಗಾಯಗೊಂಡ ಮೃಗ ತಪ್ಪಿಸಿಕೊಂಡು ಎಲ್ಲೋ ನರಳಿ ಸಾಯುತ್ತದೆ.

ಮರದ ಅಟ್ಟಣೆಗೂ ಸ್ವತಂತ್ರವಾಗಿ ನಿಲ್ಲುವ ಅಟ್ಟಣೆಗೂ ಇರುವ ವ್ಯತ್ಯಾಸ ಇಲ್ಲಿಂದ ಮುಂದಿನದು. ಮರದ ಅಟ್ಟಣೆಯನ್ನು ಹಗ್ಗ, ಬಿದಿರುಗಳಿಂದ ಒಂದು ಹಗಲಿನಲ್ಲಿ ಕಟ್ಟಿ ಮರುದಿನ ಬಿಚ್ಚಬಹುದು. ಮೃಗದ ಹಾದಿ ಬದಲಾದರೆ ಅಟ್ಟಣೆಯೂ ಬದಲಾಗುತ್ತದೆ. ಆದರೆ ತಕ್ಕ ಮರ ತಕ್ಕ ಸ್ಥಳದಲ್ಲಿ ಇರಬೇಕು. ಗಾಳಿಗೆ ಕೊಂಬೆ ತೂಗುತ್ತದೆ. ಕುಳಿತವನು ಅಲುಗಿದರೆ ಎಲೆ ಅಲುಗುತ್ತದೆ. ಸ್ವತಂತ್ರ ಅಟ್ಟಣೆಗೆ ಮರದ ಹಂಗಿಲ್ಲ. ನೀರಿನ ದಡದಲ್ಲಾಗಲಿ, ಹುಲ್ಲುಗಾವಲಿನ ನಡುವೆಯಾಗಲಿ ಎಲ್ಲಿ ಬೇಕಾದರೂ ಅದನ್ನು ನಿಲ್ಲಿಸಬಹುದು. ಹಲವರು ಕೂಡಿ ಕುಳಿತುಕೊಳ್ಳಬಹುದು. ಕಾಲಾಂತರದಲ್ಲಿ ಮೃಗಗಳು ಅದನ್ನು ಬಂಡೆಯಂತೆಯೋ ಮರದಂತೆಯೋ ಪರಿಭಾವಿಸಿ ಅದರ ಸುತ್ತ ನಿರ್ಭಯವಾಗಿ ಮೇಯುತ್ತವೆ. ಆದರೆ ಒಮ್ಮೆ ನಿಲ್ಲಿಸಿದ ಮೇಲೆ ಅದು ಮೃಗವನ್ನು ಹಿಂಬಾಲಿಸಲಾರದು. ಮೃಗವೇ ಅದರ ಬಳಿಗೆ ಬರಬೇಕು.

ಮೃಗವನ್ನು ಬರುವಂತೆ ಮಾಡುವ ಉಪಾಯಗಳು ಕೆಲವೇ. ನೀರು, ಮೇವು ಅಥವಾ ಉಪ್ಪಿನ ಆಸೆ ತೋರಬೇಕು. ಪಳಗಿದ ಮೃಗವನ್ನು ಮುಂದಿಟ್ಟು ಕಾಡುಮೃಗವನ್ನು ಸೆಳೆಯಬೇಕು. ಇಲ್ಲವೆ ನೂರಾರು ಜನರನ್ನು ಕಾಡಿಗೆ ಅಟ್ಟಿ ಸೋವಿಸಬೇಕು. ಮೊದಲನೆಯದಕ್ಕೆ ನೆಲದ ಒಡೆತನ ಬೇಕು, ಎರಡನೆಯದಕ್ಕೆ ಬಿಡುವು ಮತ್ತು ಸಂಪತ್ತು, ಮೂರನೆಯದಕ್ಕೆ ಜನರ ಮೇಲಿನ ಅಧಿಕಾರ. ಅಲೆಮಾರಿ ಬೇಡನಿಗೆ ಈ ಮೂರೂ ಇಲ್ಲ. ಆದುದರಿಂದಲೇ ಅವನಿಗೆ ತೋಹು, ಹೆಚ್ಚೆಂದರೆ ಮರದ ಅಟ್ಟಣೆ, ಅರಸನಿಗೆ ಗೋಪುರ.

2. ಶಾಸ್ತ್ರದ ಸಮರ್ಥನೆ ಮತ್ತು ಅಟ್ಟಣೆ

ಭಾರತೀಯ ರಾಜನೀತಿಶಾಸ್ತ್ರ ಬೇಟೆಯನ್ನು ಅರಸನ ವ್ಯಸನಗಳಲ್ಲಿ ಎಣಿಸಿದೆ. ಕೌಟಿಲ್ಯನು ಜೂಜಿಗಿಂತ ಅದು ಮೇಲೆಂದು ವಾದಿಸುತ್ತ ಕೊಡುವ ಕಾರಣಗಳು ಗಮನಾರ್ಹ: ದೇಹಕ್ಕೆ ವ್ಯಾಯಾಮ, ಚಲಿಸುವ ಗುರಿಯ ಅಭ್ಯಾಸ, ಮೃಗಗಳ ಕೋಪ-ಭಯಗಳ ತಿಳಿವಳಿಕೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಮುಂದಿಡುವ ಸಮರ್ಥನೆಯೂ ಇದೇ ಜಾಡಿನದು. ಈ ತರ್ಕವನ್ನು ಅಟ್ಟಣೆಗೆ ಅನ್ವಯಿಸಿ ನೋಡಿದರೆ ಅದರ ಬಹುಭಾಗ ಕುಸಿಯುತ್ತದೆ. ಕುಳಿತಲ್ಲೇ ಕುಳಿತವನಿಗೆ ವ್ಯಾಯಾಮವಿಲ್ಲ. ನೀರು ಕುಡಿಯಲು ತಲೆಬಾಗಿ ನಿಂತ ಮೃಗ ಚಲಿಸುವ ಗುರಿಯೂ ಅಲ್ಲ. ಉಳಿಯುವುದು ಮೃಗದ ಸ್ವಭಾವದ ಅರಿವು ಮಾತ್ರ. ಅದೂ ಬಹುತೇಕ ಅರಸನದಲ್ಲ, ಅವನಿಗಾಗಿ ಸ್ಥಳವನ್ನು ಆರಿಸಿಕೊಟ್ಟ ಬೇಡನದು.

ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಬೇಟೆಯನ್ನು ರಾಜನೀತಿಯ ಭಾಗದಲ್ಲಿ ಇರಿಸದೆ ವಿನೋದಗಳ ಭಾಗದಲ್ಲಿ ಇರಿಸಿರುವುದನ್ನು ನಾವು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಗ್ರಂಥದ ಭಾಷೆ ಸಂಸ್ಕೃತ. ಅದು ರೂಪುಗೊಂಡ ನೆಲ ಕನ್ನಡದ್ದು. ಅಲ್ಲಿ ಪಳಗಿದ ಮೃಗವನ್ನು ಮುಂದಿಟ್ಟುಕೊಂಡು ಆಡುವ ಬೇಟೆಗೆ ಸ್ಥಾನವಿದೆ. ಹಳಗನ್ನಡದಲ್ಲಿ ಅಂಥ ಮೃಗಕ್ಕೆ 'ದೀಹ', 'ದೀವ' ಎಂಬ ಶಬ್ದಗಳಿವೆ. ತೋಹು ಮತ್ತು ದೀಹ ಒಂದರೊಡನೊಂದು ಹೊಂದುವ ಶಬ್ದಗಳು: ಒಂದು ಮನುಷ್ಯನನ್ನು ಮರೆಮಾಡುತ್ತದೆ, ಇನ್ನೊಂದು ಮೃಗವನ್ನು ಮರುಳುಮಾಡುತ್ತದೆ.

3. ಎರಡು ಕಟ್ಟೋಣಗಳು

ಅರಸನು ಸ್ವತಂತ್ರ ಅಟ್ಟಣೆಯನ್ನು ಆರಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಹೊರಗಿನ ಎರಡು ಕಟ್ಟಡಗಳು ಉತ್ತಮ ನಿದರ್ಶನಗಳು.

ಮೊದಲನೆಯದು ಇಂಗ್ಲೆಂಡಿನದು. ಲಂಡನ್ನಿನ ಅಂಚಿನ ಎಪಿಂಗ್ ಕಾಡಿನಲ್ಲಿ, ಚಿಂಗ್‌ಫರ್ಡ್ ಎಂಬಲ್ಲಿ, ಎಂಟನೆಯ ಹೆನ್ರಿಗಾಗಿ 1543ರಲ್ಲಿ ಮರದ ಚೌಕಟ್ಟಿನ ಮೂರು ಅಂತಸ್ತಿನ ಕಟ್ಟಡವೊಂದು ಸಿದ್ಧವಾಯಿತು. ಅದರ ಅಂದಿನ ಹೆಸರು 'ಗ್ರೇಟ್ ಸ್ಟ್ಯಾಂಡಿಂಗ್', ಎಂದರೆ ಮಹಾನಿಲುವು. ಇಂದು ಮುಚ್ಚಿರುವ ಮೇಲಂತಸ್ತುಗಳ ಪಕ್ಕಗಳು ಆಗ ತೆರೆದಿದ್ದವು. ಜಿಂಕೆಗಳನ್ನು ಆ ಬಯಲಿನತ್ತ ಅಟ್ಟಿ ತರಲಾಗುತ್ತಿತ್ತು. ಅರಸನೂ ಅತಿಥಿಗಳೂ ಮೇಲಿನಿಂದ ನೋಡುವುದಕ್ಕೆ, ಅಡ್ಡಬಿಲ್ಲಿನಿಂದ ಹೊಡೆಯುವುದಕ್ಕೆ ಅನುಕೂಲವಿತ್ತು. ಆ ವೇಳೆಗೆ ಹೆನ್ರಿ ಸ್ಥೂಲಕಾಯನಾಗಿದ್ದನು, ಕಾಲಿನ ಹುಣ್ಣಿನಿಂದ ನರಳುತ್ತಿದ್ದನು, 1547ರಲ್ಲಿ ತೀರಿಕೊಂಡನು. ಕುದುರೆಯೇರಿ ದಿನವಿಡೀ ಮೃಗವನ್ನು ಬೆನ್ನಟ್ಟುವುದು ಅಸಾಧ್ಯವಾದಾಗ ಮೃಗವನ್ನೇ ತನ್ನ ಬಳಿಗೆ ತರಿಸಿಕೊಳ್ಳುವ ಏರ್ಪಾಡಿದು. 1589ರಲ್ಲಿ ಅವನ ಮಗಳು ಒಂದನೆಯ ಎಲಿಜಬೆತಳ ಕಾಲದಲ್ಲಿ ಕಟ್ಟಡದ ಜೀರ್ಣೋದ್ಧಾರವಾಯಿತು. ಈಗ ಅದು ಅವಳ ಹೆಸರನ್ನೇ ಹೊತ್ತು ವಸ್ತುಸಂಗ್ರಹಾಲಯವಾಗಿದೆ. ಅವಳು ಕುದುರೆಯ ಮೇಲೆ ಕುಳಿತೇ ಅಗಲವಾದ ಮೆಟ್ಟಿಲುಗಳನ್ನು ಹತ್ತಿದಳೆಂಬ ಕಥೆ ಜನಜನಿತ. ಬೆನ್ನಟ್ಟುವ ಬೇಟೆಯ ಕುದುರೆಯನ್ನು ಕುಳಿತು ಆಡುವ ಬೇಟೆಯ ಮಹಡಿಗೆ ಏರಿಸುವ ಈ ಕಥೆಯು, ಕಳೆದುಹೋದ ಶೌರ್ಯವನ್ನು ಜನಮನಸ್ಸು ತುಂಬಿಕೊಡುವ ಬಗೆಯೆಂದೇ ನಮಗೆ ತೋರುತ್ತದೆ.

ಎರಡನೆಯದು ಈಗ ಪಾಕಿಸ್ತಾನದಲ್ಲಿರುವ ಶೇಖುಪುರದ ಹಿರನ್ ಮಿನಾರ್. ಮೊಘಲ ಅರಸ ಜಹಾಂಗೀರನಿಗೆ ಮಾನ್‌ಸರಾಜ್ ಎಂಬ ಹೆಸರಿನ ಹುಲ್ಲೆಯೊಂದಿತ್ತು. ಪಳಗಿದ ಹುಲ್ಲೆಗಳ ಕಾಳಗದಲ್ಲೂ ಕಾಡುಹುಲ್ಲೆಗಳ ಬೇಟೆಯಲ್ಲೂ ಅದಕ್ಕೆ ಸಾಟಿಯಿರಲಿಲ್ಲವೆಂದು ಅವನ ಆತ್ಮಕಥನ ಹೇಳುತ್ತದೆ. ಎಂದರೆ ಅದು ನಮ್ಮ ಕವಿಗಳು ಬಲ್ಲ ದೀಹವೇ. ಅದು ಸತ್ತಾಗ 1607ರ ಸುಮಾರಿಗೆ ಅದರ ಗೋರಿಯ ಬಳಿ ಮಿನಾರನ್ನು ನಿಲ್ಲಿಸಿ, ಆ ಬಯಲಿನಲ್ಲಿ ಯಾರೂ ಹುಲ್ಲೆಗಳನ್ನು ಬೇಟೆಯಾಡಕೂಡದೆಂದೂ, ಅವುಗಳ ಮಾಂಸ ಹಿಂದೂಗಳಿಗೆ ಗೋಮಾಂಸದಂತೆ, ಮುಸಲ್ಮಾನರಿಗೆ ಹಂದಿಯ ಮಾಂಸದಂತೆ ವರ್ಜ್ಯವೆಂದೂ ಅರಸನು ಆಜ್ಞಾಪಿಸಿದನು. ಮುಂದೆ ಅಲ್ಲಿಯೇ ವಿಶಾಲವಾದ ಕೊಳವೂ ಅದರ ನಡುವೆ ಎಂಟು ಮೂಲೆಯ ಮಂಟಪವೂ ಸೇರಿದವು. ಸುಮಾರು 30 ಮೀಟರು ಎತ್ತರದ ಮಿನಾರು ಗುರಿಯಿಟ್ಟು ಹೊಡೆಯಲು ತಕ್ಕುದಲ್ಲ. ಬಯಲನ್ನೆಲ್ಲ ಒಂದೇ ನೋಟದಲ್ಲಿ ತನ್ನದೆಂದು ಕಾಣಲು ತಕ್ಕುದು. ನೀರು ಅರಸನದು, ನೆಲ ಅರಸನದು, ಕೊಲ್ಲುವ ಹಕ್ಕು ಅರಸನದು. ಕೊಲ್ಲದಿರುವ ಆಜ್ಞೆಯೂ ಅವನದೇ. ಅಟ್ಟಣೆಯ ಪೂರ್ಣಾರ್ಥ ಇಲ್ಲಿ ತೆರೆದುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಫತೇಪುರ ಸಿಕ್ರಿಯಲ್ಲಿಯೂ ಹಿರನ್ ಮಿನಾರ್ ಎಂಬ ಗೋಪುರವಿದೆ. ಅದರ ಮೇಲಿನಿಂದ ಅಕ್ಬರನು ಜಿಂಕೆಗಳನ್ನು ಹೊಡೆಯುತ್ತಿದ್ದನೆಂಬುದು ಜನಶ್ರುತಿ. ಮೈತುಂಬ ಕಲ್ಲಿನ ದಂತಗಳನ್ನು ತೊಟ್ಟ ಆ ಗೋಪುರವನ್ನು ದಾರಿಯ ದೂರವನ್ನು ಅಳೆಯುವ ಮೂಲಕಂಬವೆಂದು ಭಾವಿಸಿದ ವಿದ್ವಾಂಸರೂ ಇದ್ದಾರೆ. ದೆಹಲಿಯ ಉತ್ತರ ದಿಬ್ಬದ ಮೇಲಿರುವ, ಫಿರೋಜ್ ಷಾ ತುಘಲಕನ ಕಾಲದ ಪೀರ್ ಗೈಬ್ ಕಟ್ಟಡವನ್ನು ಅವನ ಬೇಟೆಯರಮನೆಯ ಭಾಗವೆಂದು ಕೆಲವರೂ, ಅದರ ಮಾಳಿಗೆಯಲ್ಲಿರುವ ರಂಧ್ರದ ಆಧಾರದಿಂದ ಖಗೋಳ ವೀಕ್ಷಣಾಲಯವೆಂದು ಇನ್ನು ಕೆಲವರೂ ಹೇಳುತ್ತಾರೆ. ಎತ್ತರವಾಗಿರುವುದೆಲ್ಲ ಬೇಟೆಯ ಅಟ್ಟಣೆಯಲ್ಲ. ನೀರು, ಮೃಗದ ಹಾದಿ, ಸೋವುವವರು ಬರಬೇಕಾದ ದಿಕ್ಕು, ಗುರಿಯ ಕೋನ ಇವನ್ನೆಲ್ಲ ಪರಿಶೀಲಿಸದೆ ಹೆಸರೊಂದನ್ನೇ ನಂಬಿ ನಿರ್ಣಯಕ್ಕೆ ಬರುವುದು ಸಂಶೋಧನೆಯ ಕ್ರಮವಲ್ಲ.

ರಾಜಸ್ಥಾನದ ಅರಸರು ಕಟ್ಟಿಸಿದ ಕಲ್ಲುಗಾರೆಯ ಬೇಟೆಮನೆಗಳಿಗೆ ಅಲ್ಲಿ 'ಓದಿ' ಎಂಬ ಹೆಸರಿದೆ. ಕನ್ನಡದ ಕಿವಿಗೆ ಇದು ಬೇರೆಯೇ ಅರ್ಥದಲ್ಲಿ ಕೇಳಿಸುತ್ತದೆಯಾದರೂ ಅವುಗಳ ನೆಲೆಯನ್ನು 'ಓದಿ' ನೋಡಿದವರಿಗೆ ಸಂಸ್ಥಾನದ ಅಧಿಕಾರದ ನಕ್ಷೆಯೇ ದೊರೆಯುತ್ತದೆ ಎಂಬುದು ಸುಳ್ಳಲ್ಲ.

4. ಹೊಲದ ನಡುವಿನ ಅಟ್ಟಣೆ

ಸ್ವತಂತ್ರವಾಗಿ ನಿಲ್ಲುವ ಅಟ್ಟಣೆ ಅರಸನಿಗೆ ಮಾತ್ರ ಸೇರಿದ್ದೆಂದು ಹೇಳಿದೆವು. ಈ ಮಾತಿಗೆ ದೊಡ್ಡದೊಂದು ಅಪವಾದವಿದೆ: ರೈತನ ಮಂಚಿಕೆ. ನಾಲ್ಕು ಗಳು ನೆಟ್ಟು, ಮೇಲೆ ತಟ್ಟಿ ಹಾಸಿ, ಹುಲ್ಲಿನ ಮಾಡು ಹೊದಿಸಿ ಹೊಲದ ನಡುವೆ ನಿಲ್ಲಿಸುವ ಈ ರಚನೆಗೆ ಅಟ್ಟಣೆಯೆಂಬ ಹೆಸರೂ ಇದೆ. ಮಲೆನಾಡಿನ ಕೆಲವೆಡೆ ಇದು ಮಾಳ. ತಮಿಳಿನಲ್ಲಿ ಪರಣ್, ಸಂಗಂ ಸಾಹಿತ್ಯದ ಕುರಿಂಜಿ ಪದ್ಯಗಳಲ್ಲಿ ತಿನೆಯ ಹೊಲ ಕಾಯುವ ಹೆಣ್ಣು ಕುಳಿತುಕೊಳ್ಳುವ ಅಟ್ಟಣೆಗೆ ಇದಣಂ ಎಂಬ ಹೆಸರಿದೆ. ಬೇಟೆಯ ಸಾಹಿತ್ಯದ ಮೂಲಕ ಎಲ್ಲೆಡೆ ಹರಡಿದ ಹಿಂದಿಯ ಮಚಾನ್ ಶಬ್ದವೂ ನಮ್ಮ ಮಂಚಿಕೆಯೂ ಮಂಚವೆಂಬ ಒಂದೇ ಸಂಸ್ಕೃತ ಮೂಲದಿಂದ ಹೊರಟು ಎರಡು ಬೇರೆ ಲೋಕಗಳನ್ನು ಸೇರಿವೆ.

ರಚನೆಯಲ್ಲಿ ಎರಡಕ್ಕೂ ಭೇದವಿಲ್ಲ. ಉದ್ದೇಶದಲ್ಲಿ ಇವು ಪರಸ್ಪರ ವಿರುದ್ಧ. ಅರಸನ ಅಟ್ಟಣೆಗೆ ಮೃಗ ಹತ್ತಿರ ಬರಬೇಕು. ರೈತನ ಮಂಚಿಕೆಯಿಂದ ಮೃಗ ದೂರ ಹೋಗಬೇಕು. ಅಲ್ಲಿ ಮೌನ, ಇಲ್ಲಿ ಕೂಗು, ಕವಣೆ, ತಮಟೆ, ಬೆಂಕಿ. ಅರಸನ ವಿನೋದಕ್ಕಾಗಿ ರಕ್ಷಿತವಾದ ಮೃಗಗಳೇ ಇರುಳಿನಲ್ಲಿ ರೈತನ ಹೊಲಕ್ಕೆ ಇಳಿಯುತ್ತಿದ್ದವು; ಅವನ್ನು ಬೆದರಿಸಬಹುದಿತ್ತು, ಕೊಲ್ಲುವಂತಿರಲಿಲ್ಲ. ಇಂಗ್ಲೆಂಡಿನ ಅರಣ್ಯ ಕಾನೂನಿನ ಕೆಳಗೂ, ನಮ್ಮ ಅನೇಕ ಸಂಸ್ಥಾನಗಳಲ್ಲೂ ಸ್ಥಿತಿ ಇದೇ ಬಗೆಯದಾಗಿತ್ತು. 1920ರ ದಶಕದ ಆರಂಭದಲ್ಲಿ ಅಲ್ವರ್ ಸಂಸ್ಥಾನದ ರೈತರ ಅಸಮಾಧಾನಕ್ಕೆ ಬೇಟೆಗಾಗಿ ರಕ್ಷಿಸಲಾಗುತ್ತಿದ್ದ ಕಾಡುಹಂದಿಗಳ ಹಾವಳಿಯೂ ಒಂದು ಕಾರಣವಾಗಿತ್ತು. ಅದೇ ರೈತನನ್ನು ಬೇಟೆಯ ದಿನ ಕಾಡು ಸೋವಲು ಬಿಟ್ಟಿಯಾಗಿ ಕರೆಯುತ್ತಿದ್ದುದೂ ಉಂಟು. ಇರುಳೆಲ್ಲ ತನ್ನ ಮಂಚಿಕೆಯಿಂದ ಅಟ್ಟಿದ ಮೃಗವನ್ನು ಹಗಲಿನಲ್ಲಿ ಅರಸನ ಅಟ್ಟಣೆಯತ್ತ ಅಟ್ಟುವ ಕೆಲಸವೂ ಅವನದೇ ಆಯಿತು.

ಈ ಬೆಳಕಿನಲ್ಲಿ ಹರಿಶ್ಚಂದ್ರ ಕಾವ್ಯವನ್ನು ಮತ್ತೊಮ್ಮೆ ಓದಬೇಕೆಂದು ನಮಗೆ ಅನಿಸುತ್ತದೆ. ಅಲ್ಲಿ ಅರಸನು ಬೇಟೆಗೆ ಹೊರಡುವುದು ವಿನೋದಕ್ಕಾಗಿ ಅಲ್ಲ. ವಿಶ್ವಾಮಿತ್ರನ ಪ್ರೇರಣೆಯಿಂದ ಹುಟ್ಟಿದ ಮೃಗಪಕ್ಷಿಗಳು ನಾಡಿನ ಬೆಳೆಯನ್ನು ಹಾಳುಗೆಡವುತ್ತವೆ. ಪ್ರಜೆಗಳ ದೂರು ಅರಸನನ್ನು ಕಾಡಿಗೆ ಕರೆದೊಯ್ಯುತ್ತದೆ. ರಾಘವಾಂಕನ ಹರಿಶ್ಚಂದ್ರನು ಮಂಚಿಕೆಯ ಮೇಲಿರುವವನ ಪಕ್ಷದಲ್ಲಿ ನಿಂತು ಬೇಟೆಯಾಡುತ್ತಾನೆ. ಅವನ ಪತನದ ಸರಣಿ ಆರಂಭವಾಗುವುದೂ ಆ ಬೇಟೆಯಿಂದಲೇ ಎಂಬುದರಲ್ಲಿ ಕವಿಯ ಗಾಢವಾದ ಲೋಕಾನುಭವವಿದೆ. ಇದನ್ನು ಬರಿಯ ವರ್ಣನೆಯೆಂದು ಬದಿಗಿರಿಸಿದರೆ ನಷ್ಟ ನಮ್ಮದೇ.

5. ಉಪಸಂಹಾರ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಭಾರತದಲ್ಲಿ ವಿನೋದದ ಬೇಟೆಗೆ ಅವಕಾಶವಿಲ್ಲ. ಹಳೆಯ ಬೇಟೆಯ ಕಾಡುಗಳು ಹಲವೆಡೆ ಅಭಯಾರಣ್ಯಗಳಾಗಿವೆ. ಕಾವಲು ಗೋಪುರಗಳಿಂದ ಇಂದು ಅರಣ್ಯ ಸಿಬ್ಬಂದಿ ಬೆಂಕಿಯನ್ನೂ ಕಳ್ಳಬೇಟೆಯನ್ನೂ ಗಮನಿಸುತ್ತಾರೆ. ಪ್ರವಾಸಿಗಳು ಛಾಯಾಚಿತ್ರ ತೆಗೆಯುತ್ತಾರೆ. ಕಾಡಂಚಿನ ರೈತನಾದರೋ ಇಂದಿಗೂ ಮಂಚಿಕೆಯ ಮೇಲೆಯೇ ಇರುಳನ್ನು ಕಳೆಯುತ್ತಿದ್ದಾನೆ. ಅರಸನ ಗೋಪುರದ ಉದ್ದೇಶ ಬದಲಾಯಿತು, ಮಂಚಿಕೆಯದು ಬದಲಾಗಲಿಲ್ಲ.

ಹೊರನಾಡಿನಲ್ಲಿ ನೆಲೆಸಿ ಕನ್ನಡದ ಅಧ್ಯಯನ ನಡೆಸುತ್ತಿರುವವರಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಪಂಪ, ರಾಘವಾಂಕರ ಪಠ್ಯ ನಿಮ್ಮ ಮೇಜಿನ ಮೇಲಿದೆ. ತುಘಲಕರ, ಮೊಘಲರ, ರಜಪೂತರ ಬೇಟೆಯ ನೆಲೆಗಳು ನಿಮ್ಮ ಊರಿನಿಂದ ಬಹಳ ದೂರವಿಲ್ಲ. ತಮಿಳು, ಮರಾಠಿ, ತೆಲುಗು, ಹಿಂದಿಗಳಲ್ಲಿ ಹೊಲದ ಅಟ್ಟಣೆಗೂ ಬೇಟೆಯ ಅಟ್ಟಣೆಗೂ ಇರುವ ಹೆಸರುಗಳನ್ನು ಕಲೆಹಾಕಿ ಕನ್ನಡದ ತೋಹು, ದೀಹ, ಮಂಚಿಕೆಗಳ ಜೊತೆಗಿಟ್ಟು ನೋಡುವ ಕೆಲಸ ಆಗಬೇಕಾಗಿದೆ. ಆ ಕೆಲಸಕ್ಕೆ ತೊಡಗುವವರು ಯಾವ ಅಟ್ಟಣೆಯನ್ನು ಕಂಡರೂ ಅದರ ಮೇಲೆ ಯಾರು ಕುಳಿತಿದ್ದರು ಎಂದು ಕೇಳುವುದರ ಜೊತೆಗೆ, ಅದರತ್ತ ಮೃಗವನ್ನು ಅಟ್ಟಿ ತಂದವರು ಯಾರು ಎಂದೂ ಕೇಳಬೇಕು. ಮೊದಲ ಪ್ರಶ್ನೆಗೆ ಶಾಸನ, ಚರಿತ್ರೆಗಳಲ್ಲಿ ಉತ್ತರವಿದೆ. ಎರಡನೆಯದಕ್ಕೆ ಉತ್ತರವಿರುವುದು ಜನರ ಮಾತಿನಲ್ಲಿ, ಹೊಲದ ಹೆಸರುಗಳಲ್ಲಿ, ಕಾವ್ಯದ ಅರ್ಧ ಮರೆತ ಶಬ್ದಗಳಲ್ಲಿ.