ಒಂದು ನ್ಯೂಟ್ರಲ್, ಎರಡು ಸರ್ಕ್ಯೂಟ್: ಅಮೆರಿಕದ ವೈರಿಂಗ್ ನಿಯಮಗಳು ಬೆಳೆದ ಬಗೆ

ಅಮೆರಿಕದ ಹಳೆಯ ಮನೆಗಳ ಅಡುಗೆಮನೆಯಲ್ಲಿ ಪ್ಲಗ್ ಪಾಯಿಂಟ್ ಬಿಚ್ಚಿದರೆ ಹಲವೆಡೆ ಕಪ್ಪು, ಕೆಂಪು, ಬಿಳಿ ತಂತಿಗಳು ಒಟ್ಟಿಗೆ ಕಾಣುತ್ತವೆ. ಕಪ್ಪು, ಕೆಂಪು ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳ ಫೇಸ್. ಬಿಳಿಯದು ಎರಡಕ್ಕೂ ಸೇರಿದ ಒಂದೇ ನ್ಯೂಟ್ರಲ್. ಈ ಬಿಳಿ ತಂತಿಯ ಬಗ್ಗೆ ಆ ದೇಶದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮಾಡಿರುವ ನಿಯಮಗಳನ್ನು ಸಾಲಾಗಿ ಓದಿದರೆ ಒಂದು ದಿಕ್ಕು ಕಾಣುತ್ತದೆ. ಮೊದಲು ಎಲೆಕ್ಟ್ರಿಷಿಯನ್‌ನ ಎಚ್ಚರಕ್ಕೆ ಬಿಟ್ಟಿದ್ದ ಸುರಕ್ಷತೆ ಬರಬರುತ್ತ ವೈರಿಂಗ್‌ನ ರಚನೆಯಲ್ಲೇ ಸೇರಿಕೊಂಡಿದೆ.

ಈ ಪದ್ಧತಿ ಹುಟ್ಟಿದ್ದು ತಾಮ್ರ ಉಳಿಸಲು. ಇಂಗ್ಲೆಂಡಿನಲ್ಲಿ ಜಾನ್ ಹಾಪ್ಕಿನ್ಸನ್ 1882ರಲ್ಲಿ, ಅಮೆರಿಕದಲ್ಲಿ ಥಾಮಸ್ ಎಡಿಸನ್ 1883ರಲ್ಲಿ ಮೂರು ತಂತಿಯ ವಿತರಣೆಗೆ ಪೇಟೆಂಟ್ ಪಡೆದರು. 1883ರ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲಿ ಅದು ಬಳಕೆಗೆ ಬಂತು. ಕೋಡ್‌ನ ಮೊದಲ ಆವೃತ್ತಿ ಬಂದದ್ದು 1897ರಲ್ಲಿ. ಇಂದಿನ ಅಮೆರಿಕದ ಮನೆಯಲ್ಲಿ ಪ್ರತಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಫೇಸ್‌ಗಳ ನಡುವೆ 240 ವೋಲ್ಟ್ ಇರುತ್ತದೆ. ಒಂದು ಕಡೆ 15 ಆಂಪಿಯರ್, ಇನ್ನೊಂದು ಕಡೆ 10 ಆಂಪಿಯರ್ ಹರಿದರೆ ನ್ಯೂಟ್ರಲ್‌ನಲ್ಲಿ ಉಳಿಯುವುದು 5 ಮಾತ್ರ. ನಾಲ್ಕು ತಂತಿಯ ಕೆಲಸ ಮೂರರಲ್ಲೇ ಮುಗಿಯುತ್ತದೆ.

ಈ ಲೆಕ್ಕ ನ್ಯೂಟ್ರಲ್ ಗಟ್ಟಿಯಾಗಿ ಇರುವವರೆಗೆ ಮಾತ್ರ ನಿಲ್ಲುತ್ತದೆ. ಅದು ಕಳಚಿದರೆ ಎರಡೂ ಕಡೆಯ ಉಪಕರಣಗಳು 240 ವೋಲ್ಟ್‌ಗೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಕಡೆ 1200 ವ್ಯಾಟ್‌ನ ಹೀಟರ್, ಇನ್ನೊಂದು ಕಡೆ 100 ವ್ಯಾಟ್‌ನ ಉಪಕರಣ ಇದ್ದರೆ ಚಿಕ್ಕದರ ಮೇಲೆ ಸುಮಾರು 220 ವೋಲ್ಟ್ ಬೀಳುತ್ತದೆ. ನ್ಯೂಟ್ರಲ್ ಕಟ್ ಆಗಿ ಟಿವಿ, ಫ್ರಿಜ್ ಸುಟ್ಟುಹೋಗುವುದು ನಮ್ಮ ಮೂರು ಫೇಸ್ ಸಂಪರ್ಕದ ಮನೆಗಳಲ್ಲೂ ಇದೇ ಕಾರಣಕ್ಕೆ. ಹೀಗಾಗಿ ಕೋಡ್ ಒಂದು ಮೂಲ ನಿಯಮ ಇಟ್ಟಿದೆ: ಇಂಥ ಸರ್ಕ್ಯೂಟ್‌ನಲ್ಲಿ ನ್ಯೂಟ್ರಲ್ ಮುಂದೆ ಹೋಗಲು ಸಾಕೆಟ್‌ನ ಸ್ಕ್ರೂಗಳನ್ನು ನಂಬಬಾರದು. ಬಿಳಿ ತಂತಿಗಳನ್ನು ಬಾಕ್ಸ್‌ನೊಳಗೇ ಸೇರಿಸಿ, ಅಲ್ಲಿಂದ ಒಂದು ತುಂಡು ತಂತಿಯನ್ನಷ್ಟೇ ಸಾಕೆಟ್‌ಗೆ ಕೊಡಬೇಕು. ಆಗ ಸಾಕೆಟ್ ಬದಲಿಸಿದರೂ ಮುಂದಿನ ಪಾಯಿಂಟ್‌ಗಳಿಗೆ ನ್ಯೂಟ್ರಲ್ ತಪ್ಪುವುದಿಲ್ಲ.

ಎರಡನೆಯ ಅಪಾಯ ರಿಪೇರಿ ಮಾಡುವವರಿಗೆ. ಒಂದು ಬ್ರೇಕರ್ ಆಫ್ ಮಾಡಿ ಬಿಳಿ ತಂತಿ ಬಿಡಿಸಿದರೆ, ಆನ್ ಇರುವ ಇನ್ನೊಂದು ಸರ್ಕ್ಯೂಟ್‌ನ ಕರೆಂಟ್ ಅದರಲ್ಲಿ ಶಾಕ್ ಕೊಡಬಲ್ಲದು. ಮೊದಲು ಜೋಡಿ ಸಾಕೆಟ್‌ನ ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಫೇಸ್ ಕೊಟ್ಟಂಥ ಕಡೆ ಮಾತ್ರ ಎರಡೂ ಬ್ರೇಕರ್ ಒಟ್ಟಿಗೆ ಆಫ್ ಆಗಬೇಕೆಂಬ ಕಡ್ಡಾಯವಿತ್ತು. 2008ರ ಆವೃತ್ತಿ ಅದನ್ನು ನ್ಯೂಟ್ರಲ್ ಹಂಚಿಕೊಳ್ಳುವ ಎಲ್ಲ ಸರ್ಕ್ಯೂಟ್‌ಗಳಿಗೂ ವಿಸ್ತರಿಸಿತು. ಎರಡು ಪೋಲ್ ಬ್ರೇಕರ್ ಹಾಕಬೇಕು, ಇಲ್ಲವೇ ಎರಡು ಬ್ರೇಕರ್‌ಗಳ ಹಿಡಿಗಳನ್ನು ಅದಕ್ಕೆಂದೇ ಮಾಡಿದ ಕೊಂಡಿಯಿಂದ ಜೋಡಿಸಬೇಕು. ಒಂದು ಗುಂಪಿನ ಫೇಸ್, ನ್ಯೂಟ್ರಲ್ ತಂತಿಗಳನ್ನು ಪ್ಯಾನಲ್‌ನೊಳಗೆ ಒಟ್ಟಿಗೆ ಕಟ್ಟಿ ಗುರುತಿಸುವ ನಿಯಮವೂ ಆಗಲೇ ಬಂತು.

ಬ್ರೇಕರ್‌ಗಳು ಜೋಡಿಯಾಗಿ ಇದ್ದರೆ ಮೂರನೆಯ ಅಪಾಯವೂ ತಗ್ಗುತ್ತದೆ. ಯಾರೋ ಒಂದನ್ನು ಬೇರೆ ಜಾಗಕ್ಕೆ ಸರಿಸಿ ಎರಡೂ ಒಂದೇ ಫೇಸ್‌ಗೆ ಬಿದ್ದರೆ, ನ್ಯೂಟ್ರಲ್‌ನಲ್ಲಿ ಕರೆಂಟ್ ಕಳೆಯುವ ಬದಲು ಕೂಡುತ್ತದೆ. 20 ಆಂಪಿಯರ್‌ನ ತಂತಿಯಲ್ಲಿ 40 ಹರಿಯಬಹುದು. ನ್ಯೂಟ್ರಲ್‌ಗೆ ಬ್ರೇಕರ್ ಇಲ್ಲದ್ದರಿಂದ ಏನೂ ಟ್ರಿಪ್ ಆಗುವುದಿಲ್ಲ. ತಂತಿ ಗೋಡೆಯೊಳಗೆ ಕಾಯುತ್ತಲೇ ಹೋಗುತ್ತದೆ.

ಈ ಪದ್ಧತಿಯ ಬಳಕೆ ಕುಗ್ಗಲು ಮುಖ್ಯ ಕಾರಣ ಹೊಸ ರಕ್ಷಣಾ ಸಾಧನಗಳು. ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ರೂಪಿಸಿದ ಜಿಎಫ್‌ಸಿಐ, ನಮ್ಮ ಆರ್‌ಸಿಸಿಬಿಯಂತೆಯೇ, ಹೋದ ಕರೆಂಟ್ ಹಾಗೂ ಮರಳಿದ ಕರೆಂಟ್ ಎರಡನ್ನೂ ತಾಳೆ ನೋಡುತ್ತದೆ. ಕೋಡ್ ಅದನ್ನು 1975ರಲ್ಲಿ ಬಚ್ಚಲುಮನೆಗೆ, 1987ರಲ್ಲಿ ಅಡುಗೆಮನೆಯ ಸಿಂಕ್ ಬಳಿಯ ಸಾಕೆಟ್‌ಗಳಿಗೆ ಕಡ್ಡಾಯ ಮಾಡಿತು. ಎರಡು ಸರ್ಕ್ಯೂಟ್‌ಗಳ ಕರೆಂಟ್ ಒಂದೇ ನ್ಯೂಟ್ರಲ್‌ನಲ್ಲಿ ಬೆರೆತರೆ ಒಂಟಿ ಪೋಲ್‌ನ ಜಿಎಫ್‌ಸಿಐ ಬ್ರೇಕರ್‌ಗೆ ಲೆಕ್ಕ ಹೊಂದುವುದಿಲ್ಲ, ಸುಮ್ಮನೆ ಟ್ರಿಪ್ ಆಗುತ್ತದೆ. ಕಿಡಿ ಗುರುತಿಸುವ ಎಎಫ್‌ಸಿಐ ಬ್ರೇಕರ್ 1999ರ ಆವೃತ್ತಿಯಲ್ಲಿ ಮಲಗುವ ಕೋಣೆಗೆ ಬಂತು. 2008ರಲ್ಲಿ ಉಳಿದ ವಾಸದ ಕೋಣೆಗಳಿಗೂ ಹರಡಿತು. ಎರಡು ಪೋಲ್‌ನ ಇಂಥ ಬ್ರೇಕರ್‌ಗಳು ದುಬಾರಿ. ತಾಮ್ರದಲ್ಲಿ ಉಳಿದದ್ದು ಬ್ರೇಕರ್‌ನಲ್ಲಿ ಖರ್ಚಾಗುತ್ತದೆ.

2011ರ ಆವೃತ್ತಿ, ಕೋಡ್ ತಾನೇ ಬೇರೆಡೆ ಅನುಮತಿಸಿದ ಹೊರತು ಒಂದು ನ್ಯೂಟ್ರಲ್ ಒಂದಕ್ಕಿಂತ ಹೆಚ್ಚು ಸರ್ಕ್ಯೂಟ್‌ಗೆ ಇರಕೂಡದು ಎಂದು ಸ್ಪಷ್ಟಪಡಿಸಿತು. ನಿಯಮಬದ್ಧ ಹಂಚಿಕೆಗೆ ಇಂದಿಗೂ ಅನುಮತಿ ಇದೆ. ಆದರೆ ಹೊಸ ಮನೆಗೆ ಪ್ರತಿ ಸರ್ಕ್ಯೂಟ್‌ಗೂ ಅದರದೇ ನ್ಯೂಟ್ರಲ್ ಎಳೆಯುವುದೇ ಮೇಲು. ಅಲ್ಲಿ ಹಳೆಯ ಮನೆ ಕೊಳ್ಳುವ ಕನ್ನಡಿಗರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮೂರು ಸಂಗತಿ ನೋಡಿಸಲೇಬೇಕು: ಬ್ರೇಕರ್‌ಗಳು ಜೋಡಿಯಾಗಿವೆಯೇ, ಅವು ಬೇರೆ ಬೇರೆ ಫೇಸ್‌ನಲ್ಲಿವೆಯೇ, ಪ್ರತಿ ಬಾಕ್ಸ್‌ನಲ್ಲೂ ನ್ಯೂಟ್ರಲ್ ಸಾಕೆಟ್‌ನ ಹಂಗಿಲ್ಲದೆ ಮುಂದೆ ಹೋಗುತ್ತದೆಯೇ.