ಕರಾಚಿಯಿಂದ ಮುಂಬಯಿಗೆ: ದೂರವೆಷ್ಟು, ಹೊತ್ತೆಷ್ಟು?

ನಮ್ಮ ಹಿಂದಿನವರು ದಾರಿಯನ್ನು ಹರದಾರಿ, ಗಾವುದಗಳಲ್ಲಿ ಅಳೆಯುತ್ತಿದ್ದರು. ಆದರೆ ಪಯಣ ಹೊರಟವನು ಕೇಳುತ್ತಿದ್ದ ಪ್ರಶ್ನೆಯೇ ಬೇರೆ: “ಹೊತ್ತು ಮುಳುಗುವುದರೊಳಗೆ ತಲಪಬಹುದೆ?” ವಿಮಾನ ಬಂದ ಮೇಲೆ ಈ ಪ್ರಶ್ನೆಗೆ ಉತ್ತರ ಸುಲಭವಾಯಿತೆಂದು ನಾವು ಭಾವಿಸುತ್ತೇವೆ, ದೂರವನ್ನು ವೇಗದಿಂದ ಭಾಗಿಸಿದರಾಯಿತಷ್ಟೆ! ವಾಚಕರೆ, ಅದು ಅಷ್ಟು ಸುಲಭವಲ್ಲವೆಂಬುದಕ್ಕೆ ಕರಾಚಿ ಮುಂಬಯಿಗಳ ನಡುವಣ ಆಕಾಶಮಾರ್ಗದ ಚರಿತ್ರೆಯೇ ಸಾಕ್ಷಿ.

ಈ ಎರಡು ನಗರಗಳಿಗೂ ನೇರ ಅಂತರ ಸುಮಾರು 880 ಕಿಲೋಮೀಟರು. 1932ನೆಯ ಅಕ್ಟೋಬರ್ 15ರ ಬೆಳಿಗ್ಗೆ ಜೆ. ಆರ್. ಡಿ. ತಾತಾ ಅವರು ಲಂಡನ್ನಿನಿಂದ ಬಂದಿದ್ದ ಅಂಚೆಯನ್ನು ಹೊತ್ತು, ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಹೊರಟರು. ಅವರದು ಒಂಟಿ ಎಂಜಿನ್ನಿನ ‘ಪುಸ್ ಮಾತ್’ ವಿಮಾನ. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗ. ನಡುವೆ ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡರು. ಆ ಪೆಟ್ರೋಲಿನ ಡಬ್ಬಗಳು ವಿಮಾನದ ಬಳಿಗೆ ಬಂದುದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿಯುವ ವೇಳೆಗೆ ಏಳು ಗಂಟೆಗಳ ಮೇಲಾಗಿತ್ತು.

ಅಂಚೆಯ ಪಯಣ ಅಲ್ಲಿಗೆ ಮುಗಿಯಲಿಲ್ಲ. ತಾತಾ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿನ ಕಡೆಗೆ ಒಯ್ದರು. ಇರುಳಿನಲ್ಲಿ ಹಾರುವ ಅನುಕೂಲಗಳಿಲ್ಲದ ಕಾಲವದು. ಆದ್ದರಿಂದ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸನ್ನು ಸೇರಿದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದುದು 1953ರಲ್ಲಿ. ಗಾಡಿಯ ಪಯಣಿಗನಿಗೆ ದಾರಿಯ ಛತ್ರವಿದ್ದಂತೆ ಆಕಾಶದ ಅಂಚೆಗೂ ಒಂದು ಛತ್ರ ಬೇಕಾಗಿತ್ತು. ಆ ಛತ್ರ ಕನ್ನಡ ನೆಲದಲ್ಲಿತ್ತು.

ಮುಂದೆ ಜೆಟ್ ವಿಮಾನಗಳು ಬಂದವು. ನಡುವೆ ಇಳಿಯುವ ಗೊಡವೆ ತಪ್ಪಿತು. ಕರಾಚಿಯಿಂದ ಮುಂಬಯಿ ಒಂದೂವರೆ ಗಂಟೆಯ ಮಾತಾಯಿತು. ಯಂತ್ರ ಹೀಗೆ ಗೆದ್ದುಕೊಟ್ಟ ಹೊತ್ತನ್ನು ಮನುಷ್ಯರ ವೈರ ಮತ್ತೆ ಮತ್ತೆ ಕಸಿದುಕೊಂಡಿತು. 1947ರಲ್ಲಿ ಈ ಎರಡು ಊರುಗಳು ಎರಡು ದೇಶಗಳ ಪಾಲಾಗಿದ್ದುವಷ್ಟೆ. 1971ರಲ್ಲಿ ಕಡಿದ ವಿಮಾನಸಂಪರ್ಕ ಮತ್ತೆ ಕೂಡಿದುದು 1976ರಲ್ಲಿ. 1982ರಲ್ಲಿ ಎಪ್ಪತ್ತೆಂಟರ ಹರೆಯದ ತಾತಾ ಅವರು ಮೊದಲ ಹಾರಾಟದ ಐವತ್ತನೆಯ ವರ್ಷದ ನೆನಪಿಗಾಗಿ ಅದೇ ದಾರಿಯಲ್ಲಿ ಪುಟ್ಟ ವಿಮಾನವೊಂದನ್ನು ತಾವೇ ನಡೆಸಿಕೊಂಡು ಬಂದರು. ಅಂದು ದಾರಿ ತೆರೆದಿತ್ತು. 2002ರ ಆರಂಭದಲ್ಲಿ ಅದು ಮುಚ್ಚಿತು. 2004ರಲ್ಲಿ ಮರಳಿ ತೆರೆಯಿತು. 2019ರಲ್ಲಿ ಎರಡು ದೇಶಗಳ ನಡುವಣ ನೇರ ಸಂಚಾರ ನಿಂತಿತು. 2025ರ ಏಪ್ರಿಲಿನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು.

ನೇರ ದಾರಿ ನಿಂತಾಗ ಪಯಣಿಗನು ದುಬೈಯಂಥ ಮೂರನೆಯ ಊರನ್ನು ಸುತ್ತಿ ಬರಬೇಕಾಯಿತು. ಹಾಗೆ ಸುತ್ತಿದರೆ ದಾರಿ ಮೂರು ಸಾವಿರ ಕಿಲೋಮೀಟರನ್ನು ಮೀರುತ್ತದೆ. ಎರಡು ಹಾರಾಟಗಳ ಜೊತೆಗೆ ನಡುವೆ ಕಾಯುವ ಹೊತ್ತನ್ನೂ ಕೂಡಿಸಿದರೆ, ಎತ್ತಿನ ಗಾಡಿಯ ಪೆಟ್ರೋಲನ್ನು ನಂಬಿ ಹೊರಟ ಆ ಪುಟ್ಟ ವಿಮಾನವೇ ಬೇಗ ತಲಪಿತ್ತೆನ್ನಬೇಕಾಗುವುದೂ ಉಂಟು.

ನಕ್ಷೆಯಲ್ಲಿ ಅಳೆದು ನೋಡಿರಿ: ಆ 880 ಕಿಲೋಮೀಟರು ಅಂದಿನಿಂದ ಒಂದಂಗುಲವೂ ಹೆಚ್ಚಿಲ್ಲ. “ಹೊತ್ತು ಮುಳುಗುವುದರೊಳಗೆ ತಲಪಬಹುದೆ?” ಎಂಬ ಹಳೆಯ ಪ್ರಶ್ನೆಗೆ ಮಾತ್ರ ಎಂಜಿನ್ನೊಂದೇ ಉತ್ತರ ಹೇಳಲಾರದು, ದಾರಿಯ ಎರಡು ತುದಿಗಳಲ್ಲಿರುವವರೂ ಹೇಳಬೇಕು.