ಗಂಡ ಒಳಗೆ, ಹೆಂಡತಿ ಹೊರಗೆ

1912ರ ಜನವರಿಯಲ್ಲಿ ‘ಮಾಂಟೀಗಲ್’ ಎಂಬ ಹಡಗು ಹಾಂಗ್‌ಕಾಂಗ್‌ನಿಂದ ಕೆನಡಾದ ವ್ಯಾಂಕೂವರ್ ಬಂದರಿಗೆ ಬಂತು. ಅದರಲ್ಲಿ ಭಾಗ್ ಸಿಂಗ್, ಬಲವಂತ್ ಸಿಂಗ್ ಎಂಬ ಇಬ್ಬರು ಪಂಜಾಬಿಗಳು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಗಂಡಸರಿಬ್ಬರೂ ಮೊದಲೇ ವ್ಯಾಂಕೂವರ್‌ನಲ್ಲಿ ನೆಲೆಸಿದ್ದವರು. ಹಾಗಾಗಿ ಅಧಿಕಾರಿಗಳು ಅವರನ್ನು ಒಳಗೆ ಬಿಟ್ಟರು. ಹರ್ನಾಮ್ ಕೌರ್, ಕರ್ತಾರ್ ಕೌರ್ ಮತ್ತು ಮಕ್ಕಳನ್ನು ಮಾತ್ರ ವಾಪಸ್ ಕಳಿಸಲು ಆದೇಶವಾಯಿತು.

ಅಡ್ಡ ಬಂದದ್ದು 1908ರ ಒಂದು ನಿಯಮ. ತಮ್ಮ ದೇಶದಲ್ಲೇ ಟಿಕೆಟ್ ಕೊಂಡು, ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬಂದವರಿಗಷ್ಟೇ ಕೆನಡಾದೊಳಗೆ ಪ್ರವೇಶ. ಈ ನಿಯಮದಲ್ಲಿ ‘ಭಾರತೀಯ’ ಎಂಬ ಪದವೇ ಇರಲಿಲ್ಲ. ಭಾರತವೂ ಕೆನಡಾವೂ ಒಂದೇ ಬ್ರಿಟಿಷ್ ಸಾಮ್ರಾಜ್ಯದೊಳಗಿದ್ದವು. ಭಾರತೀಯರು ಬರಬಾರದು ಎಂದು ಬಹಿರಂಗವಾಗಿ ಬರೆದರೆ ಇಲ್ಲಿ ಅಸಮಾಧಾನ ಏಳುತ್ತದೆ ಎಂಬ ಭಯ ಲಂಡನ್ನಿನದು. ಆದ್ದರಿಂದ ಸುತ್ತುದಾರಿ ಹಿಡಿದರು. ಕೆನಡಿಯನ್ ಪೆಸಿಫಿಕ್ ಹಡಗು ಕಂಪನಿ ಸರ್ಕಾರದ ಒತ್ತಡಕ್ಕೆ ಮಣಿದು ಭಾರತದಿಂದ ನೇರ ಟಿಕೆಟ್ ಮಾರುವುದನ್ನೇ ನಿಲ್ಲಿಸಿತು. ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು ಬೇರೆ. 1907ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಾರತೀಯರು ಹೋಗಿದ್ದ ದೇಶಕ್ಕೆ ಆಮೇಲೆ ವರ್ಷಕ್ಕೆ ಬೆರಳೆಣಿಕೆಯ ಜನ ಹೋಗುವುದೂ ಕಷ್ಟವಾಯಿತು.

ಈ ಎರಡು ಕುಟುಂಬಗಳೂ ಕಲ್ಕತ್ತಾದಲ್ಲಿ ನೇರ ಟಿಕೆಟ್‌ಗಾಗಿ ಪ್ರಯತ್ನಿಸಿದ್ದವು. ಸಿಗದಿದ್ದಾಗ ಹಾಂಗ್‌ಕಾಂಗ್‌ಗೆ ಹೋಗಿ ಕಾದವು. ಮಾರಾಟಕ್ಕೇ ಇಲ್ಲದ ಟಿಕೆಟ್ಟನ್ನು ತಂದಿಲ್ಲ ಎಂಬುದೇ ಬಂದರಿನಲ್ಲಿ ಅವರ ಮೇಲಿನ ಆಕ್ಷೇಪವಾಯಿತು.

ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಸಿಖ್ಖರು ಗುರುದ್ವಾರದಲ್ಲಿ ಸಭೆ ಸೇರಿದರು. ಪ್ರಕರಣ ಕೋರ್ಟಿಗೆ ಹೋಯಿತು, ಹೆಂಗಸರು ಜಾಮೀನಿನ ಮೇಲೆ ಹೊರಬಂದರು. ನಾಲ್ಕು ತಿಂಗಳ ನಂತರ ಸರ್ಕಾರ ಅವರಿಗೆ ಉಳಿಯಲು ಅನುಮತಿ ಕೊಟ್ಟಿತು. ಆದರೆ ಇದು ತೋರಿದ ಕೃಪೆ ಮಾತ್ರ, ಮುಂದೆ ಯಾರೂ ಇದನ್ನು ಉದಾಹರಣೆಯಾಗಿ ಹಿಡಿಯುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಆ ಇಬ್ಬರು ಹೆಂಗಸರಿಗೆ ಬಾಗಿಲು ತೆರೆಯಿತು. ಪಂಜಾಬಿನ ಹಳ್ಳಿಗಳಲ್ಲಿ ಕಾಯುತ್ತಿದ್ದ ಉಳಿದ ಹೆಂಡತಿಯರಿಗೆ ಅದರಿಂದ ಏನೂ ಸಿಗಲಿಲ್ಲ.

ಇದೇ ನಿಯಮದಡಿ 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತ ‘ಕೊಮಗಾಟ ಮಾರು’ ಹಡಗನ್ನು ಎರಡು ತಿಂಗಳು ತಡೆದು ಹಿಂದೆ ಕಳಿಸಿದರು. ಆ ಪ್ರಯಾಣಿಕರ ಪರವಾಗಿ ದಡದಲ್ಲಿ ಹೋರಾಡಿದವರಲ್ಲಿ ಭಾಗ್ ಸಿಂಗ್ ಕೂಡ ಒಬ್ಬರು. ಹರ್ನಾಮ್ ಕೌರ್ ಆ ವರ್ಷವೇ ತೀರಿಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಭಾಗ್ ಸಿಂಗ್ ಗುರುದ್ವಾರದೊಳಗೇ ಗುಂಡೇಟಿಗೆ ಬಲಿಯಾದರು. ಬಲವಂತ್ ಸಿಂಗ್ ಅವರನ್ನು 1917ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿಸಲಾಯಿತು.

ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರು ಸಾಮ್ರಾಜ್ಯಕ್ಕಾಗಿ ಕಾದಾಡಿದ ಮೇಲೆ, 1919ರಲ್ಲಿ, ಕೆನಡಾದಲ್ಲಿ ನೆಲೆಸಿದ್ದ ಭಾರತೀಯರ ಹೆಂಡತಿ ಮತ್ತು ಚಿಕ್ಕ ಮಕ್ಕಳಿಗೆ ಪ್ರವೇಶ ಸಿಕ್ಕಿತು. ಮದುವೆಯನ್ನು ದೃಢಪಡಿಸುವ ಕಾಗದಪತ್ರದ ವ್ಯವಸ್ಥೆಗೆ ಮತ್ತೆ ಕೆಲವು ವರ್ಷ ಹಿಡಿಯಿತು. ನೇರ ಪ್ರಯಾಣದ ನಿಯಮ ರದ್ದಾದದ್ದು 1947ರಲ್ಲಿ. ಅಷ್ಟರಲ್ಲಿ 1908ರಲ್ಲಿ ಊರಲ್ಲೇ ಉಳಿದಿದ್ದ ಹೆಂಡತಿಯರಿಗೆ ಮುಪ್ಪು ಬಂದಿತ್ತು.